ನೀರ ಮ್ಯಾಲಿನ ರೈಲು, ನೀರ ಕೆಳಗಿನ ಊರು

ಹೋದ ದೀಪಾವಳಿ ಸೂಟಿಗೆ ಜಮಖಂಡಿಯ ಮನೆಯಲ್ಲಿ ಎಲ್ಲರೂ ಕೂಡಿದ್ದೆವು. ಎಂಟು ವರ್ಷದ ಮಗಳು ಟಿವಿಯಲ್ಲಿ ಒಂದು ಜಪಾನಿ ಸಿನಿಮಾ ಹಚ್ಚಿದಳು. 'ಸ್ಪಿರಿಟೆಡ್ ಅವೇ'. ಬಾಜೂಕ್ಕೆ ಬೇಸನ್ ಉಂಡಿ ಕಟ್ಟುತ್ತ ಕೂತಿದ್ದ ನನ್ನ ಅವ್ವ ಮೊದಮೊದಲು ನಗ್ತಿದ್ದಳು. "ಇದೇನ ಯವ್ವಾ, ತಿಂದು ತಿಂದು ಅವರವ್ವ ಅಪ್ಪ ಹಂದಿ ಆಗಿಬಿಟ್ರಲ್ಲ!"

ಆಮೇಲೆ ಆ ರೈಲು ಬಂತು. ಸಿನಿಮಾ ನೋಡಿದವರಿಗೆ ನೆನಪಿರುತ್ತದೆ. ಎತ್ತ ನೋಡಿದರೂ ನೀರು, ನೀರಿನ ಮೇಲೆ ಸಪ್ಪಳವಿಲ್ಲದೆ ಓಡುವ ರೈಲು, ನಡುವೆ ಒಂಟಿ ನಿಲ್ದಾಣ. ಅವ್ವನ ಕೈ ನಿಂತಿತು. "ಹಳಿ ನೀರಾಗ ಅದಾವೇನ?" ಅಂತ ಕೇಳಿದಳು. ಹೌದು ಅಂದೆ. "ನಮ್ಮೂರ ದಾರೀನೂ ಹಿಂಗ ಆಗಿತ್ತು. ಗಿಡದ ತುದಿ ನೋಡಿ ದಾರಿ ಇಲ್ಲೇ ಇತ್ತು ಅನ್ನೂದು" ಅಂದವಳು, ಉಂಡಿಯ ಪರಾತ ಎತ್ತಿಕೊಂಡು ಅಡಿಗಿಮನಿಗೆ ಹೋದಳು.

ಮಗಳು ನನ್ನ ಕಡೆ ತಿರುಗಿದಳು. "ಅಪ್ಪಾ, ಆಯಿ ಊರು ನೀರಾಗ ಐತೇನು? ಅಲ್ಲಿ ಏನೇನಿತ್ತು?"

ಹೇಳಲು ಶುರು ಮಾಡಿದೆ. ಅಗಸಿ ಇತ್ತು, ಹನಮಪ್ಪನ ಗುಡಿ ಇತ್ತು, ಒಂದು ದೊಡ್ಡ ಬಾವಿ ಇತ್ತು, ಹೊಳೆಗಿಳಿಯೋ ಮೆಟ್ಟಿಲು ಇದ್ದವು. ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು. ಬಾವಿಯ ಹೆಸರು ನೆನಪಾಗಲಿಲ್ಲ. ನಾಲ್ಕು ಸಾಲಿನಲ್ಲಿ ಒಂದು ಊರು ಖಾಲಿ! ಅವತ್ತಿನಿಂದ ತಲೆಯಲ್ಲಿ ಹೊಕ್ಕ ಹುಳವೇ ಈ ಬರಹ.

ಮೊದಲು ಸಿನಿಮಾದ ಮಾತು. ಹಯಾವೊ ಮಿಯಾಝಾಕಿ ತಮ್ಮ ಘಿಬ್ಲಿ ಸ್ಟುಡಿಯೋದಲ್ಲಿ ಮಾಡಿದ ಚಿತ್ರ ಅದು. ಜಪಾನಿನಲ್ಲಿ 2001ರ ಜುಲೈನಲ್ಲಿ ಬಿಡುಗಡೆಯಾಯಿತು, 2003ರಲ್ಲಿ ಆಸ್ಕರ್ ಪಡೆಯಿತು. ಹತ್ತು ವರ್ಷದ ಚಿಹಿರೊ ಎಂಬ ಹುಡುಗಿ ಅಪ್ಪ ಅವ್ವನ ಜೊತೆ ಹೊಸ ಊರಿಗೆ ಮನೆ ಬದಲಿಸುತ್ತಿದ್ದಾಳೆ. ಹಳೇ ಗೆಳತಿಯರನ್ನ ಬಿಟ್ಟು ಬಂದ ಸಿಟ್ಟು ಮುಖದ ಮೇಲಿದೆ. ದಾರಿ ತಪ್ಪಿ ದೇವತೆಗಳ ಲೋಕಕ್ಕೆ ಹೋಗುತ್ತಾರೆ, ತಂದೆ ತಾಯಿ ಹಂದಿಗಳಾಗುತ್ತಾರೆ. ಅವರನ್ನ ಬಿಡಿಸಿಕೊಳ್ಳಲು ಅವಳು ಯುಬಾಬ ಎಂಬ ಮಾಟಗಾತಿಯ ಸ್ನಾನದ ಮನೆಯಲ್ಲಿ ಕೆಲಸಕ್ಕೆ ನಿಲ್ಲಬೇಕು. ಕರಾರು ಪತ್ರಕ್ಕೆ ಸಹಿ ಹಾಕಿದ ಕೂಡಲೇ ಯುಬಾಬ ಮಾಡುವ ಮೊದಲ ಕೆಲಸವೆಂದರೆ ಹೆಸರು ಕಸಿದುಕೊಳ್ಳುವುದು. ಚಿಹಿರೊ ಹೋಗಿ 'ಸೆನ್' ಆಗುತ್ತಾಳೆ.

ಇಲ್ಲಿ ಒಂದು ಮಜಾ ಇದೆ ನೋಡಿ. ಚಿಹಿರೊ ಅನ್ನೋ ಹೆಸರನ್ನ ಬರೆಯುವುದು ಎರಡು ಅಕ್ಷರದಲ್ಲಿ. ಮೊದಲನೆಯದು 'ಸಾವಿರ'. ಎರಡನೆಯದಕ್ಕೆ ಹುಡುಕು ಅನ್ನೋ ಅರ್ಥವೂ ಇದೆ, ಎರಡೂ ಕೈ ಚಾಚಿದಷ್ಟು ಉದ್ದದ ಅಳತೆ ಅನ್ನೋ ಅರ್ಥವೂ ಇದೆ. ನೀರಿನ ಆಳಕ್ಕೆ ಹಾಕುವ ಅಳತೆ. ನಮ್ಮ ಬಾವಿ ಅಳೆಯುವ 'ಮಾರು' ಇದೆಯಲ್ಲ, ಅದೇ. ಅಂದರೆ ಹುಡುಗಿಯ ಹೆಸರು 'ಸಾವಿರ ಮಾರು'. ಮಾಟಗಾತಿ ಮಾರನ್ನ ಕಿತ್ತುಕೊಂಡು ಬರೀ ಸಾವಿರವನ್ನ ಉಳಿಸಿದಳು. ಆಳ ಹೋಯಿತು, ಅಂಕಿ ಉಳಿಯಿತು.

ಇದನ್ನ ಓದಿದ ದಿನ ನನಗೆ ಕಂಡದ್ದು ಜಪಾನ್ ಅಲ್ಲ, ಬೀಳಗಿ ತಾಲೂಕು. ಯಾಕಂದರೆ ನಮ್ಮ ಕಡೆ ಊರು ಮುಳುಗಿದ ಕಥೆಯನ್ನ ಎಲ್ಲಿ ಓದಿದರೂ ಸಿಗುವುದು ಅಂಕಿಯೇ.

ಆ ಅಂಕಿಗಳನ್ನೂ ಹೇಳಿಬಿಡುತ್ತೇನೆ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಆಗ ಅವರಿನ್ನೂ ಕೇಂದ್ರ ಸಚಿವರು. ಐದು ದಿನಕ್ಕೆ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಶಾಸ್ತ್ರಿಯವರು ಪ್ರಧಾನಿಯಾದರು. ಕೆಲಸ ಮಾತ್ರ ಎಳೆದೂ ಎಳೆದೂ ಹೋಯಿತು. ಎತ್ತರದ ಬಗ್ಗೆ ಆಂಧ್ರಪ್ರದೇಶ ತಕರಾರು ತೆಗೆದು ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಏಪ್ರಿಲ್‌ನಲ್ಲಿ ತೀರ್ಪು ಬಂತು: 519.60 ಮೀಟರ್‌ವರೆಗೆ ನೀರು ನಿಲ್ಲಿಸಬಹುದು. ಅಷ್ಟಕ್ಕೆ ಹಿಡಿಯುವ ನೀರು 123 ಟಿಎಂಸಿ. ವಿದ್ಯುತ್ 290 ಮೆಗಾವಾಟ್. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಲೋಕಾರ್ಪಣೆ ಮಾಡಿದರು. ಜಲಾಶಯಕ್ಕೆ ಹೆಸರು ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ.

ಅಡಿಗಲ್ಲಿನಿಂದ ಲೋಕಾರ್ಪಣೆಗೆ 42 ವರ್ಷ. ಕೃಷ್ಣೆ, ಘಟಪ್ರಭೆಯ ದಂಡೆಯ ಊರುಗಳಿಗೆ ಅದು 42 ವರ್ಷದ ಕಾಯುವಿಕೆ. "ಇವತ್ತಿಲ್ಲ ನಾಳೆ ಮುಳಗತೈತಿ" ಅನ್ನೋ ಊರಿನಲ್ಲಿ ಗೋಡೆ ಬಿದ್ದರೆ ಯಾರು ಕಟ್ಟಿಸ್ತಾರೆ? ನನ್ನ ಸೋದರಮಾವ ಹೇಳುತ್ತಿದ್ದ, ಅವನ ಮದುವೆಗೆ ಹೆಣ್ಣು ನೋಡಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ಹೊಲ ಎಷ್ಟೈತಿ ಅಂತ ಅಲ್ಲವಂತೆ, "ನಿಮ್ಮೂರು ಎಂದ ಮುಳಗತೈತಿ?" ಅಂತ.

ಅವ್ವನ ತವರು ಖಾಲಿಯಾದಾಗ ನನಗೆ ಸುಮಾರು ಹತ್ತು ವರ್ಷ, ಚಿಹಿರೊಳ ವಯಸ್ಸು. ಸೂಟಿಗೆ ಅಂತ ಹೋದವನು ಟ್ರ್ಯಾಕ್ಟರಿನ ಹಿಂದೆ ಓಡಿದ್ದು ನೆನಪಿದೆ. ಜನ ತಮ್ಮ ಮನೆಯನ್ನ ತಾವೇ ಕಳಚುತ್ತಿದ್ದರು. ಮಾಳಿಗೆಯ ಮಣ್ಣು ಕೆಡವಿ ತೊಲೆ, ಜಂತಿ, ಕಂಬ, ಬಾಗಿಲು, ಚೌಕಟ್ಟು ಎಲ್ಲ ಹೇರಿಕೊಂಡು ಮ್ಯಾಲಿನ ಮಡ್ಡಿಗೆ ಸಾಗಿಸಿದರು. ಹನಮಪ್ಪನೂ ಟ್ರ್ಯಾಕ್ಟರ್ ಹತ್ತಿದ. ಬಾವಿ, ಹಗೇವು, ಹೊಳೆಯ ಮೆಟ್ಟಿಲು ಹೇರಲಿಕ್ಕೆ ಬರಲಿಲ್ಲ, ಅಲ್ಲೇ ಉಳಿದವು. ಹೊಸ ಊರಿನ ರಸ್ತೆಗಳು ಗೆರೆ ಕೊರೆದಂಗೆ ನೆಟ್ಟಗಿದ್ದವು. ಮನೆಗಳಿಗೆ ನಂಬರು. ಓಣಿಗಳಿಗೆ ಹೆಸರಿರಲಿಲ್ಲ. ಊರಿಗೂ 'ಪುನರ್ವಸತಿ ಕೇಂದ್ರ' ಅಂತ ಬಾಲ ಬಂತು, ಬಸ್ಸಿನವರ ಬಾಯಲ್ಲಿ ಅದು ಬರೀ 'ಆರ್.ಸಿ.' ಆಯಿತು. "ಆರ್.ಸಿ. ಇಳಿಯವ್ರು ಯಾರ್ರೀ?"

ಮುಂದೆ ಮಾವನ ಮಗ ಸರ್ಕಾರಿ ನೌಕರಿಗೆ ಅರ್ಜಿ ತುಂಬುವಾಗ ನಾನು ಬಾಜೂಕ್ಕಿದ್ದೆ. ಯೋಜನಾ ನಿರಾಶ್ರಿತರಿಗೆ ಶೇ. 5 ಮೀಸಲಾತಿ ಇದೆ. ಆ ಕಾಲಂ ಎದುರು ಗುರುತು ಹಾಕಿದ, ಮುಳುಗಡೆ ಪ್ರಮಾಣಪತ್ರ ಲಗತ್ತಿಸಿದ. "ಊರು ಹೋದದ್ದಕ್ಕ ಸಿಕ್ಕ ಹೊಸಾ ಹೆಸರು ಇದು ನೋಡೋ" ಅಂದ, ನಗುತ್ತಲೇ. ಆ ಹೆಸರು ಅವನಿಗೆ ಅನ್ನವನ್ನೂ ಕೊಟ್ಟಿತು, ಅದನ್ನ ಮರೆಯಬಾರದು.

ಇಲ್ಲಿ ಒಂದು ಎಚ್ಚರಿಕೆ. ಹಳೇ ಊರು ಸ್ವರ್ಗವಾಗಿತ್ತು ಅಂತ ಬರೆದರೆ ಅದು ಸುಳ್ಳಾದೀತು. ಆ ದೊಡ್ಡ ಬಾವಿಯಲ್ಲಿ ಎಲ್ಲರೂ ಕೊಡ ಇಳಿಬಿಡುವಂತಿರಲಿಲ್ಲ. ಹೊಸ ಊರಿನ ನಳಕ್ಕೆ ಆ ಕಟ್ಟುಪಾಡು ನಡೆಯಲಿಲ್ಲ. ಬಾವಿ ಮುಳುಗಿದ್ದಕ್ಕೆ ಅಳದವರೂ ಊರಲ್ಲಿದ್ದರು, ಅವರ ಲೆಕ್ಕವೂ ಇತಿಹಾಸವೇ. ಇನ್ನು ನೀರು ಬೇಡ ಅಂದವರು ನಾವಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸರ್ಕಾರಕ್ಕೆ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ರೊಕ್ಕ ಕೂಡಿಸಿ, ತಾವೇ ಕಲ್ಲು ಹೊತ್ತು 1989ರಲ್ಲಿ ಬ್ಯಾರೇಜ್ ಕಟ್ಟಿದರು. 'ಶ್ರಮಬಿಂದು ಸಾಗರ' ಅಂತ ಹೆಸರಿಟ್ಟರು. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸುತ್ತ ಇವತ್ತು ಕಾಣುವ ಕಬ್ಬು ಈ ಹೊಳೆಗಳ ಕೃಪೆ. ನನ್ನ ಕಾಲೇಜಿನ ಫೀ ಕಟ್ಟಿದ್ದೂ ಕಬ್ಬಿನ ಬಿಲ್ಲೇ. ಒಂದು ಊರು ಮುಳುಗಿದ ನೀರಿನಲ್ಲೇ ಇನ್ನೊಂದು ಊರು ಬೆಳೆದಿದೆ. ನಾನು ಎರಡೂ ಊರಿನವನು.

ಸಿನಿಮಾದಲ್ಲಿ ಹಾಕು ಎಂಬ ಹುಡುಗ ಬರುತ್ತಾನೆ. ಅವನೂ ಹೆಸರು ಕಳಕೊಂಡವನು, ಅದಕ್ಕೇ ಅವನಿಗೆ ಮನೆಯ ದಾರಿ ಗೊತ್ತಿಲ್ಲ. ಕೊನೆಗೆ ಚಿಹಿರೊಗೆ ನೆನಪಾಗುತ್ತದೆ. ಸಣ್ಣವಳಿದ್ದಾಗ ತಾನೊಂದು ಹೊಳೆಗೆ ಬಿದ್ದಿದ್ದೆ, ಹೊಳೆಯೇ ತನ್ನನ್ನ ದಂಡೆಗೆ ಮುಟ್ಟಿಸಿತ್ತು. ಆ ಹೊಳೆಯ ಹೆಸರು ಕೊಹಾಕು. ಈ ಹುಡುಗನೇ ಆ ಹೊಳೆ! ಆದರೆ ಅದನ್ನ ಮುಚ್ಚಿ ಮೇಲೆ ಅಪಾರ್ಟ್‌ಮೆಂಟ್ ಕಟ್ಟಿಯಾಗಿದೆ. ಹೆಸರು ಸಿಕ್ಕಿತು, ಹೊಳೆ ಸಿಗಲಿಲ್ಲ. ಅಲ್ಲಿ ಊರು ಹೊಳೆಯನ್ನ ನುಂಗಿದೆ, ನಮ್ಮಲ್ಲಿ ಹೊಳೆ ಊರನ್ನ ನುಂಗಿದೆ, ಇಷ್ಟೇ ಫರಕು.

ಚಿಹಿರೊಗೆ ತನ್ನ ಹೆಸರು ಉಳಿದದ್ದು ಹೇಗೆ ಗೊತ್ತಾ? ಅವಳೂ ಮರೆಯುವ ಹಂತಕ್ಕೆ ಬಂದಿದ್ದಳು. ಅವಳ ಬಟ್ಟೆಯೊಳಗೆ ಒಂದು ಕಾರ್ಡು ಸಿಗುತ್ತದೆ. ಹಳೇ ಊರಿನ ಗೆಳತಿಯರು ಹೂವಿನ ಜೊತೆ ಕೊಟ್ಟ ಬೀಳ್ಕೊಡುಗೆಯ ಕಾರ್ಡು, ಅದರ ಮೇಲೆ ಪೂರಾ ಹೆಸರು. ಅವಳನ್ನ ಕಾದದ್ದು ಮಂತ್ರವಲ್ಲ, ಯಾರೋ ಬರೆದ ಒಂದು ಚೀಟಿ.

ಅಂಥ ಚೀಟಿ ಬರೆಯುವ ಕೆಲಸವನ್ನ ಜಪಾನಿನಲ್ಲೇ ಒಬ್ಬ ಮುದುಕಿ ನಿಜವಾಗಿಯೂ ಮಾಡಿದ್ದಾಳೆ. ಗಿಫು ಪ್ರಾಂತ್ಯದ ತೊಕುಯಾಮ ಎಂಬ ಊರು ಅಣೆಕಟ್ಟೆಯಲ್ಲಿ ಮುಳುಗುವುದಿತ್ತು. ಅಲ್ಲಿನ ತಝುಕೊ ಮಸುಯಾಮ ಎಂಬ ಹೆಣ್ಣುಮಗಳು, ಅರವತ್ತರ ವಯಸ್ಸಿನಲ್ಲಿ, 1977ರ ಸುಮಾರಿಗೆ ಒಂದು ಸಾದಾ ಕ್ಯಾಮೆರಾ ಹಿಡಿದು ಊರಿನ ಫೋಟೊ ತೆಗೆಯಲು ಶುರು ಮಾಡಿದಳು. ಮನೆ, ಜಾತ್ರೆ, ಶಾಲೆಯ ಮಕ್ಕಳು, ಗಿಡ, ಕೊನೆಗೆ ಮನೆ ಕೆಡವುವ ಯಂತ್ರಗಳು. ಸುಮಾರು ಒಂದು ಲಕ್ಷ ಚಿತ್ರ! 2006ರಲ್ಲಿ ಆಕೆ ತೀರಿಕೊಂಡಳು. ಅದೇ ವರ್ಷ ಅಣೆಕಟ್ಟೆಗೆ ನೀರು ತುಂಬಲು ಶುರುವಾಯಿತು. ನಮ್ಮ ಆಲಮಟ್ಟಿಯ ಲೋಕಾರ್ಪಣೆಯ ವರ್ಷವೂ ಅದೇ. ನಮ್ಮ ಮಾವನ ಊರಿನ ಒಂದೇ ಒಂದು ಫೋಟೊ ನಮ್ಮ ಮನೆಯಲ್ಲಿದೆ. ಒಂದು ಮದುವೆಯದು, ಹಿಂದೆ ಅರ್ಧ ಅಗಸಿ ಕಾಣುತ್ತದೆ.

ಅವಸರ ಯಾಕೆ ಅಂದರೆ ಕಥೆ ಮುಗಿದಿಲ್ಲ. 2010ರ ಡಿಸೆಂಬರ್‌ನಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ನೀರಿನ ಮಟ್ಟವನ್ನ 524.256 ಮೀಟರಿಗೆ ಏರಿಸಲು ಒಪ್ಪಿದೆ. ಹಾಗಾದರೆ ಇನ್ನೂ 20 ಹಳ್ಳಿ ಹೋಗುತ್ತವೆ. ಎಕರೆಗೆ ಎಷ್ಟು ಅನ್ನೋ ಮಾತು ಎಲ್ಲ ಕಟ್ಟೆಯಲ್ಲೂ ಇದೆ, ಇರಲೇಬೇಕು, ಹೊಟ್ಟೆಯ ಪ್ರಶ್ನೆ ಅದು. ಆದರೆ ಆ ಊರುಗಳ ಬಾವಿ, ಓಣಿ, ಹೊಲದ ಹೆಸರನ್ನ ಯಾರಾದರೂ ಬರೆದಿಡುತ್ತಿದ್ದಾರಾ? ಪರಿಹಾರದ ಕಾಗದದಲ್ಲಿ ಸರ್ವೆ ನಂಬರ್ ಬರುತ್ತದೆ, ಹೊಲವನ್ನ ಮನೆಯವರು ಏನಂತ ಕರೀತಿದ್ದರು ಅನ್ನೋದು ಬರುವುದಿಲ್ಲ.

ದೀಪಾವಳಿ ಮುಗಿಸಿ ಊರು ಬಿಡುವ ಮೊದಲು ಅವ್ವನನ್ನೂ ಮಗಳನ್ನೂ ಕರಕೊಂಡು ಮಾವನ ಮನೆಗೆ ಹೋದೆ. ಮಗಳ ಕೈಯಲ್ಲಿ ನೂರು ಪುಟದ ನೋಟ್‌ಬುಕ್ ಕೊಟ್ಟೆ. ಅವ್ವ, ಮಾವ ಇಬ್ಬರೂ ಕಟ್ಟೆಯ ಮೇಲೆ ಕೂತು ಅಗಸಿಯಿಂದ ಶುರು ಮಾಡಿದರು. ಮೊದಲ ಮನೆ ಯಾರದು, ಅದರ ಮಗ್ಗಲು ಯಾರದು ಅನ್ನೋದಕ್ಕೇ ಜಗಳ ಬಿತ್ತು. "ಏ ತಮ್ಮಾ, ನಿನಗೇನ ಗೊತ್ತ, ನೀ ಆಗ ಚೊಣ್ಣಾ ಹಾಕ್ತಿದ್ದಿಲ್ಲ!" ಅಂತ ಅವ್ವ ಜೋರು ಮಾಡಿದಳು. ಮಗಳು ಇಬ್ಬರು ಹೇಳಿದ್ದನ್ನೂ ಬರಕೊಂಡಳು. ಸಂಜೆಯ ಹೊತ್ತಿಗೆ ಹನ್ನೊಂದು ಪುಟ ತುಂಬಿತ್ತು. ಬಾವಿಯ ಹೆಸರೂ ಸಿಕ್ಕಿತು: ಸಿಹಿನೀರ ಬಾವಿ. ಇಷ್ಟು ಸರಳ ಹೆಸರನ್ನ ಹೇಗೆ ಮರೆತೆನೋ. ಅದರ ಮುಂದೆಯೇ ಮಗಳು ಇನ್ನೊಂದು ಸಾಲು ಬರೆದಿದ್ದಳು, ಮಾವ ಹೇಳಿದ್ದು: ಈ ಬಾವಿಗೆ ಕೇರಿಯವರನ್ನ ಬಿಡುತ್ತಿರಲಿಲ್ಲ.

ಎರಡೂ ಸಾಲು ಇರಲಿ ಅಂದೆ.

ತಿರುಗಿ ಬರುವಾಗ ಹಿನ್ನೀರಿನ ದಂಡೆಯಲ್ಲಿ ಗಾಡಿ ನಿಲ್ಲಿಸಿದೆ. "ಬಾವಿ ಎಷ್ಟ ಆಳ ಇತ್ತು ಆಯಿ?" ಅಂತ ಮಗಳು ಕೇಳಿದಳು. ಅವ್ವ ನೀರು ನೋಡುತ್ತಲೇ ಎರಡೂ ಕೈ ಅಗಲಿಸಿ ತೋರಿಸಿದಳು. "ಇದು ಒಂದ ಮಾರು. ಇಂಥಾವು ಎಂಟು. ಈಗ ಅದರ ಮ್ಯಾಲ ಎಷ್ಟ ಐತ್ಯೋ, ಯಾರಿಗ್ಗೊತ್ತ."

ಮಗಳು ನೋಟ್‌ಬುಕ್ ತೆಗೆದು 'ಎಂಟು ಮಾರು' ಅಂತ ಬರೆದಳು.