ಏಳು ಗೆರೆ, ಐವತ್ತೆರಡು ಹಕ್ಕು: ವಿಜಯಪುರದ ನರಸೋಬನ ಗುಡಿಯ ಸುತ್ತ ಕೆಲವು ಐತಿಹ್ಯಗಳು

ವಿಜಯಪುರದ ಅರಕಿಲ್ಲೆಯ ಪಡುವಣ ಕಂದಕಕ್ಕೆ ಹತ್ತಿಕೊಂಡು, ಹಳೆಯ ಅರಳಿಮರದ ನೆರಳಲ್ಲಿ ನರಸಿಂಹನ ಗುಡಿ ಇದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಲು ಬಂದ ಪ್ರವಾಸಿಗಳು ಇತ್ತ ಹಾಯುವುದು ಕಡಿಮೆ. ಹಾದವರ ಕಿವಿಗೆ ಬೀಳುವ ಕತೆ ಒಂದೇ: ಎರಡನೆಯ ಇಬ್ರಾಹಿಂ ಆದಿಲಶಾಹ (1580–1627) ಈ ಗುಡಿಗೆ ನಡೆದುಕೊಳ್ಳುತ್ತಿದ್ದ, ಬಾದಶಹನಾದರೂ ಇಲ್ಲಿ ಕೈಮುಗಿಯುತ್ತಿದ್ದ ಅಂತ.

ಇಲ್ಲಿಯ ನರಸಿಂಹ ಕಂಬ ಒಡೆದು ಬಂದ ನರಸಿಂಹನಲ್ಲ. ಆ ಉಗ್ರಮೂರ್ತಿ ಇರುವುದು ಟಿಕೋಟಾದ ಹಾದಿಯಲ್ಲಿ ಸಿಗುವ ತೊರವಿಯಲ್ಲಿ. ಕುಮಾರ ವಾಲ್ಮೀಕಿ ತನ್ನ ತೊರವೆ ರಾಮಾಯಣಕ್ಕೆ ಅಂಕಿತ ಮಾಡಿಕೊಂಡದ್ದು ಅವನನ್ನು. ಅದೇ ತೊರವಿಯ ಬಗಲಿಗೆ ಇಬ್ರಾಹಿಂ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ, 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಮಾಡಿತು. ಕೋಟೆಯ ನರಸೋಬನಾದರೋ ಗಾಣಗಾಪುರದ ಸನ್ಯಾಸಿ ನೃಸಿಂಹ ಸರಸ್ವತಿ. ದತ್ತಾತ್ರೇಯನ ಅವತಾರವೆಂದು ನಂಬಿಕೆ. ಕಾಲ ಹದಿನೈದನೆಯ ಶತಮಾನ. ಗುರುವಿಗೂ ಇಬ್ರಾಹಿಮನಿಗೂ ನಡುವೆ ನೂರೈವತ್ತು ವರ್ಷಗಳ ಅಂತರ. ಇಸವಿ ಕೇಳಿದರೆ ಐತಿಹ್ಯಕ್ಕೆ ಸಿಟ್ಟು ಬರುತ್ತದೆ, ಇರಲಿ.

ಇಂಥದೇ ಕತೆ ಕೃಷ್ಣೆ-ಪಂಚಗಂಗೆ ಕೂಡುವ ನರಸೋಬಾವಾಡಿಯಲ್ಲೂ ಇದೆ. ವಿಜಾಪುರದ ಬಾದಶಹನ ಮಗಳಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಗುರುವಿನ ಪಾದುಕೆಗೆ ಹರಕೆ ಹೊತ್ತ ಮೇಲೆ ಕಣ್ಣು ಬಂತಂತೆ. ಬಾದಶಹ ಔರವಾಡ, ಗೌರವಾಡ ಎಂಬ ಎರಡು ಊರುಗಳನ್ನು ಇನಾಮು ಕೊಟ್ಟನಂತೆ. ಕೋಮುಗಲಭೆಗಳ ಈ ನಾಡಿನಲ್ಲಿ ನಾವು ಪ್ರಗತಿಪರರು ಇಂಥ ಕತೆಗಳನ್ನು ಎದೆಗೊತ್ತಿಕೊಂಡಿದ್ದೇವೆ. ಕಿತಾಬ್-ಎ-ನವರಸ್‌ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ, ಜಗದ್ಗುರು ಎನಿಸಿಕೊಂಡ ಸುಲ್ತಾನ ನಮಗೆ ಬೇಕಾದವನೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಸೌಹಾರ್ದದ ಚಿತ್ರದಲ್ಲಿ ಇರುವವರು ಇಬ್ಬರೇ, ಅಗ್ರಹಾರದ ಗುರು ಮತ್ತು ಅರಮನೆಯ ಅರಸ. ಊರ ಹೊರಗಿನವನು ಈ ಚಿತ್ರದಲ್ಲಿ ಎಲ್ಲಿ ನಿಂತಿದ್ದಾನೆ?

ಕತೆಗೆ ಹೋಗುವ ಮುಂಚೆ ಕಲ್ಲನ್ನು ಒಂದಿಷ್ಟು ನೋಡಬೇಕು. ಅರಕಿಲ್ಲೆಯ ಒಂದು ಕಂಬದ ಮೇಲಿನ 1074ರ ಶಾಸನ, ಚಾಲುಕ್ಯ ಎರಡನೆಯ ಸೋಮೇಶ್ವರನ ಕಾಲದ್ದು. ದಂಡನಾಯಕ ನಾಕಿಮಯ್ಯ ಇಲ್ಲಿ ಸ್ವಯಂಭು ಸಿದ್ಧೇಶ್ವರನ ಗುಡಿ ಕಟ್ಟಿಸಿ 300 ಮತ್ತರು ಭೂಮಿ ಬಿಟ್ಟದ್ದನ್ನು ಅದು ಹೇಳುತ್ತದೆ. ಊರಿನ ಹೆಸರು ಅದರಲ್ಲಿ ವಿಜಯಪುರ ಎಂದೇ ಇದೆ. 2014ರ ನವೆಂಬರ್ 1ರಂದು ಸರಕಾರ ಮರಳಿ ಕೊಟ್ಟದ್ದು ಆ ಹೆಸರನ್ನು. ಹತ್ತಿರದಲ್ಲೇ ಕರೀಮುದ್ದೀನನ ಮಸೀದಿ ಇದೆ, 1320ರದು. ಒಳಗೆಲ್ಲ ಗುಡಿಯ ಕಂಬಗಳೇ. ಅಲ್ಲಿಯ ನಾಗರಿ ಲಿಪಿಯ ಬರಹದಲ್ಲಿ ಕಟ್ಟಿದವನ ಹೆಸರು ಉಳಿದಿದೆ: ಸಾಲೋಟಗಿಯ ಸೂತ್ರಧಾರಿ ರೇವಯ್ಯ. ಅವನಿಗೆ ಭೂಮಿಯೂ ಸಿಕ್ಕಿತು. ಗುಡಿಯ ಕಂಬ ಮಸೀದಿಗೆ ಹೋದದ್ದರ ಬಗ್ಗೆ ಇವತ್ತು ಬೊಬ್ಬೆ ಹೊಡೆಯುವವರು ರೇವಯ್ಯನ ಹೆಸರು ಎತ್ತುವುದಿಲ್ಲ. ರೇವಯ್ಯನ ಕೈಕೆಳಗೆ ಕಲ್ಲು ಹೊತ್ತವರ ಹೆಸರನ್ನು ಯಾವ ಲಿಪಿಯೂ ಎತ್ತಲಿಲ್ಲ.

ಈಗ ಕತೆ. ನೃಸಿಂಹ ಸರಸ್ವತಿಯ ಪವಾಡಗಳನ್ನು ಹಿಡಿದಿಟ್ಟ ಗ್ರಂಥ ಸರಸ್ವತಿ ಗಂಗಾಧರನ ಮರಾಠಿ ಗುರುಚರಿತ್ರೆ. ಗಡಿಸೀಮೆಯ ಮನೆಗಳಲ್ಲಿ ಏಳು ದಿನ ಮಡಿಯಿಂದ ಪಾರಾಯಣ ಮಾಡುವ ಪುಸ್ತಕ. ವಿಜಾಪುರದ ಭಕ್ತ ಬಾದಶಹನ ಕತೆಗೆ ಮೂಲಮಾದರಿ ಅಲ್ಲಿದೆ ಎಂದು ನನಗನ್ನಿಸುತ್ತದೆ. ಅಲ್ಲಿ ಬರುವವನು ಬೀದರಿನ ಬಾದಶಹ. ಅವನ ತೊಡೆಯ ಮೇಲೆ ಹುಣ್ಣು. ಯಾವ ಹಕೀಮನಿಂದಲೂ ಮಾಯದೆ ಗಾಣಗಾಪುರಕ್ಕೆ ಬರುತ್ತಾನೆ. ಗುರು ಅವನನ್ನು ಕಂಡೊಡನೆ ಅಗಸ ಅಂತ ಕರೆಯುತ್ತಾನೆ! ಬಾದಶಹನಿಗೆ ಹಿಂದಿನ ಜನ್ಮ ನೆನಪಾಗುತ್ತದೆ. ಹಿಂದೆ ಅವನು ಕುರವಪುರದಲ್ಲಿ ಶ್ರೀಪಾದ ಶ್ರೀವಲ್ಲಭನ ಸೇವೆ ಮಾಡುತ್ತಿದ್ದ ಅಗಸ. ಒಂದು ದಿನ ಹೊಳೆಯಲ್ಲಿ ಮುಸಲ್ಮಾನ ಅರಸನೊಬ್ಬ ರಾಣಿಯರೊಂದಿಗೆ ದೋಣಿವಿಹಾರ ಮಾಡುವುದನ್ನು ಕಂಡು, ಬದುಕಿದರೆ ಹಿಂಗ ಬದುಕಬೇಕು ಅಂತ ಅವನ ಮನಸ್ಸಿನಲ್ಲಿ ಬಂತು. ಗುರುವಿಗೆ ಅದು ತಿಳಿಯಿತು. ಈ ಜನ್ಮದಲ್ಲೋ ಮುಂದಿನ ಜನ್ಮದಲ್ಲೋ ಎಂದು ಕೇಳಿದ. ಮುದುಕನಾಗಿದ್ದ ಅಗಸ ಮುಂದಿನದೇ ಆಗಲಿ ಎಂದ.

ಅಗಸನ ಕನಸಿಗೆ ಇಲ್ಲಿ ಜಾಗವಿದೆ, ಆದರೆ ಈ ಮೈಯಲ್ಲಿ ಅಲ್ಲ, ಈ ಧರ್ಮದೊಳಗೂ ಅಲ್ಲ. ರಾಜ್ಯ ಬೇಕೆಂದ ಶೂದ್ರ ಸತ್ತು, ಕತೆಯ ಭಾಷೆಯಲ್ಲಿ ಹೇಳುವುದಾದರೆ ಮ್ಲೇಚ್ಛನಾಗಿ ಹುಟ್ಟಬೇಕು. ಒಂದೇ ಏಟಿಗೆ ಎರಡು ಕೆಲಸ. ಆಳುತ್ತಿರುವ ಸುಲ್ತಾನ ಅಸಲಿಗೆ ನಮ್ಮ ಬಟ್ಟೆ ಒಗೆಯುತ್ತಿದ್ದವನು ಎಂದು ಅಗ್ರಹಾರ ಸಮಾಧಾನ ಪಟ್ಟುಕೊಂಡಿತು. ಬಟ್ಟೆ ಒಗೆಯುವವನಿಗೆ ತಾಳಿಕೋ ಅಂತಲೂ ಹೇಳಿತು. ಹುಣ್ಣು ಮಾಯುತ್ತದೆ, ಬಾದಶಹ ಗುರುವನ್ನು ಪಲ್ಲಕ್ಕಿಯಲ್ಲಿ ಬೀದರಿಗೆ ಒಯ್ಯುತ್ತಾನೆ. ಆಮೇಲೆ ಗುರು ಲೋಕದ ಕಣ್ಣಿಂದ ಮರೆಯಾಗಲು ನಿಶ್ಚಯಿಸುತ್ತಾನೆ. ಬಾದಶಹನಿಗೆ ಗೊತ್ತಾಯಿತು, ಇನ್ನು ಮ್ಲೇಚ್ಛರು ಬರತೊಡಗುತ್ತಾರೆ ಎಂಬುದೇ ಕಾರಣ. ಸೌಹಾರ್ದದ ಭಾಷಣಗಳಲ್ಲಿ ಕತೆಯ ಈ ಬಾಲವನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅದೇ ಗ್ರಂಥದ ನಡುವಿನ ಇನ್ನೊಂದು ಕತೆ ನಮಗೆ ಇನ್ನೂ ಹತ್ತಿರದ್ದು. ಇಬ್ಬರು ವೇದಪಂಡಿತರು ಜಯಪತ್ರಗಳ ಗಂಟು ಹೊತ್ತು, ವಾದಕ್ಕೆ ಬಾ ಎಂದು ಗಾಣಗಾಪುರಕ್ಕೆ ಬರುತ್ತಾರೆ. ಗುರು ದೂರದಲ್ಲಿ ಹೊರಟಿದ್ದ ಒಬ್ಬ ಮಾತಂಗನನ್ನು ಕರೆಸುತ್ತಾನೆ. ನೆಲದ ಮೇಲೆ ಏಳು ಗೆರೆ ಎಳೆಸಿ ದಾಟು ಅನ್ನುತ್ತಾನೆ. ಒಂದೊಂದು ಗೆರೆ ದಾಟಿದಂತೆ ಅವನಿಗೆ ಒಂದೊಂದು ಮೇಲಿನ ಜನ್ಮ ನೆನಪಾಗುತ್ತದೆ. ಏಳನೆಯ ಗೆರೆ ದಾಟಿದಾಗ ಅವನು ಬ್ರಾಹ್ಮಣ. ಮೈಮೇಲೆ ಭಸ್ಮ ಬೀಳುತ್ತದೆ, ಬಾಯಿಂದ ವೇದ ಹೊರಡುತ್ತದೆ. ಪಂಡಿತರ ನಾಲಗೆ ಸೇದಿಹೋಗುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಕ್ರಾಂತಿಯ ಕತೆ ಅನ್ನಬಹುದಿತ್ತು. ಹಾಗೆ ನಿಲ್ಲಿಸಿ ಹೇಳುವವರೂ ಇದ್ದಾರೆ. ಕತೆ ನಿಲ್ಲುವುದಿಲ್ಲ. ವಾದ ಮುಗಿದ ಮೇಲೆ ಗುರು ಆ ಮನುಷ್ಯನಿಗೆ ಮನೆಗೆ ಹೋಗು ಅನ್ನುತ್ತಾನೆ. ಅವನು ಒಲ್ಲೆ ಅನ್ನುತ್ತಾನೆ, ನಾನೀಗ ಬ್ರಾಹ್ಮಣ, ಅವರ ಜೊತೆ ಹೇಗೆ ಇರಲಿ? ಹೆಂಡತಿ ಮಕ್ಕಳು ಹುಡುಕಿಕೊಂಡು ಬರುತ್ತಾರೆ. ಮುಟ್ಟಲು ಬಂದ ಹೆಂಡತಿಯನ್ನು ಅವನು ದೂರ ಸರಿಸುತ್ತಾನೆ. ಅವಳು ಅಳುತ್ತಾಳೆ. ಕೊನೆಗೆ ಗುರು ಒಬ್ಬ ಬ್ರಾಹ್ಮಣನ ಕೈಯಿಂದ ಅವನ ಮೈಮೇಲೆ ನೀರು ಸುರಿಸುತ್ತಾನೆ. ಭಸ್ಮ ತೊಳೆದುಹೋಗುತ್ತದೆ, ವೇದವೂ ಹೋಗುತ್ತದೆ. ಅವನು ಎಲ್ಲಿದ್ದೆ ಏನಾಯಿತು ತಿಳಿಯದೆ ಹೆಂಡತಿಯ ಹಿಂದೆ ಕೇರಿಗೆ ನಡೆಯುತ್ತಾನೆ. ಆಮೇಲೆ ಯಾವ ಯಾವ ಪಾಪಕ್ಕೆ ಯಾವ ಯಾವ ಹೀನಜನ್ಮ ಎಂಬ ಪಟ್ಟಿ ಅಧ್ಯಾಯದ ತುಂಬ.

ಅವನ ನಾಲಗೆಯನ್ನು ಒಂದು ಜಗಳಕ್ಕೆ ಎರವಲು ಪಡೆದು, ಕೆಲಸ ಮುಗಿದ ಮೇಲೆ ತೊಳೆದು ಕೊಟ್ಟರು. ಜಗಳವಾದರೂ ಬ್ರಾಹ್ಮಣರಿಗೂ ಬ್ರಾಹ್ಮಣರಿಗೂ ನಡುವಿನದು. ಬ್ರಾಹ್ಮಣ್ಯವೆಂದರೆ ಹೆಂಡತಿಯನ್ನು ಮುಟ್ಟಗೊಡದಿರುವುದು ಎಂಬುದನ್ನು ಕತೆ ತನಗರಿವಿಲ್ಲದೆಯೇ ಬಿಟ್ಟುಕೊಟ್ಟಿದೆ. ಇದೇ ಸೀಮೆಯಲ್ಲಿ ಇದಕ್ಕೆ ಮುನ್ನೂರು ವರ್ಷ ಹಿಂದೆ ಬೇರೆ ಥರದ ದಾಟುವಿಕೆ ನಡೆದಿತ್ತು. ಬಾಗೇವಾಡಿಯ ಬಸವಣ್ಣ ಮಾದಾರ ಚೆನ್ನಯ್ಯನಿಗೆ ತನ್ನನ್ನು ಸಂಬಂಧಿಯೆಂದುಕೊಂಡ. ಹರಳಯ್ಯನ ಮನೆಗೂ ಮಧುವರಸನ ಮನೆಗೂ ನೆಂಟಸ್ತಿಕೆಯಾಯಿತು. ಆ ಗೆರೆಯನ್ನು ಭಸ್ಮದಿಂದ ದಾಟಿದ್ದಲ್ಲ, ನೀರು ಸುರಿದು ತೊಳೆಯಲಿಕ್ಕೂ ಬರುವಂತಿರಲಿಲ್ಲ. ಹಾಗಾಗಿಯೇ ಅವರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎನ್ನುತ್ತದೆ ಶರಣರ ಪರಂಪರೆ. ಗಾಣಗಾಪುರದ ಏಳು ಗೆರೆಗಳು ಕಲ್ಯಾಣದ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರದಂತೆ ನನಗೆ ಕೇಳಿಸುತ್ತವೆ. ವಚನಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ತಂದ ಫ.ಗು. ಹಳಕಟ್ಟಿಯವರು ಇದೇ ವಿಜಾಪುರದಲ್ಲಿ ವಕೀಲರಾಗಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಕೇರಿಗೆ ತನ್ನದೇ ಬಾದಶಹ ಇರಲಿಲ್ಲವೇ? ಇದ್ದ. ಅವನೂ ಬೀದರಿನವನೇ! ಮಹಾರರು ತಲೆಮಾರುಗಳಿಂದ ಹೇಳಿಕೊಂಡು ಬಂದ ಅಮೃತನಾಕನ ಕತೆ ಇದು. ಬೀದರಿನ ಬಾದಶಹನ ರಾಣಿಯನ್ನು ವೈರಿಗಳು ಹೊತ್ತೊಯ್ದರು. ಬಿಡಿಸಿ ತರಲು ಹೊರಟವನು ಅಮೃತನಾಕ. ಹೊರಡುವ ಮುಂಚೆ ಒಂದು ಮುಚ್ಚಿದ ಡಬ್ಬಿಯನ್ನು ಬಾದಶಹನ ಕೈಗೆ ಕೊಟ್ಟು, ನಾ ಬರೂತನಕ ಇಟ್ಟಿರ್ರಿ ಅಂದ. ರಾಣಿಯನ್ನು ತಂದ. ದಾರಿಯಲ್ಲಿ ಅಷ್ಟು ದಿನ ಅವಳ ಜೊತೆ ಇದ್ದೆಯಲ್ಲ ಎಂದು ಸಂಶಯ ಎದ್ದಿತು. ಡಬ್ಬಿ ತೆಗೆಯಿರಿ ಅಂದ. ಅದರಲ್ಲಿ ಇದ್ದದ್ದು ಅವನೇ ಕತ್ತರಿಸಿ ಇಟ್ಟುಹೋಗಿದ್ದ ಅವನ ಗಂಡಸುತನ. ಏನು ಬೇಕು ಕೇಳು ಎಂದಾಗ ಅಮೃತನಾಕ ತನಗೆಂದು ಏನೂ ಕೇಳಲಿಲ್ಲ, ಕುಲಕ್ಕೆ 52 ಹಕ್ಕು ಕೇಳಿದ.

ಎರಡೂ ಕತೆಗಳಲ್ಲಿ ಸಿಂಹಾಸನ ಒಂದೇ. ಅಗಸನ ಕತೆಯಲ್ಲಿ ಕೆಳಗಿನವನು ಸತ್ತು ಕಾಯಬೇಕು. ಅಮೃತನಾಕ ಬದುಕಿರುವಾಗಲೇ ಬಾದಶಹನ ಎದುರು ನಿಂತು ಸಾಲ ವಸೂಲು ಮಾಡುತ್ತಾನೆ. ಇದು ಪವಾಡಕ್ಕಿಂತ ಹೆಚ್ಚಾಗಿ ದಸ್ತೈವಜು. ಊರಗೌಡ ಕಾಳಿನ ರಾಶಿಯಲ್ಲಿ ಪಾಲು ಕೊಡಲು ತಕರಾರು ಮಾಡಿದಾಗ ಎದುರಿಗೆ ಹಿಡಿಯಲು ಬೇಕಾದ ಕತೆ. ಆದರೆ ಆ ಹಕ್ಕುಗಳ ಪಟ್ಟಿಯನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ಸತ್ತ ದನದ ಚರ್ಮ, ಹೆಣದ ಮೇಲಿನ ಬಟ್ಟೆ, ಮನೆಮನೆಯ ರೊಟ್ಟಿ. ಗಂಡಸುತನ ಕತ್ತರಿಸಿಕೊಟ್ಟು ಪಡೆದದ್ದು ಇದನ್ನು. ಬಾದಶಹನ ಔದಾರ್ಯವೂ ಊರಿನ ಜಾತಿಕಟ್ಟನ್ನು ಕೂದಲಷ್ಟೂ ಅಲುಗಿಸಲಿಲ್ಲ; ಇದ್ದ ಅವಮಾನಕ್ಕೆ ಹಕ್ಕಿನ ಮೊಹರು ಬಿತ್ತು, ಅಷ್ಟೇ.

ಅಂಬೇಡ್ಕರ್ ಕೈಹಾಕಿದ್ದು ಸರಿಯಾಗಿ ಆ ಮೊಹರಿಗೆ. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಗೆ ತಿದ್ದುಪಡಿ ಮಂಡಿಸಿದರು. ವತನದ ಭೂಮಿಗೆ ಪೂರ್ತಿ ಕಂದಾಯ ಕಟ್ಟಲು ಒಪ್ಪಿದವನು ಬಿಟ್ಟಿ ಚಾಕರಿಯಿಂದ ಬಿಡುಗಡೆಯಾಗಬೇಕು ಎಂಬುದು ಅದರ ತಿರುಳು. ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು, ಹಾಗಾಗಿ ಅದು ಇಲ್ಲಿಯ ಕೇರಿಗಳ ಮಾತೂ ಆಗಿತ್ತು. ಮಸೂದೆ ಮುಂದೆ ಸಾಗಲಿಲ್ಲ, ಹಿಂದಕ್ಕೆ ಪಡೆಯಬೇಕಾಯಿತು. ಮುಂಬಯಿಯ ಹರಿಜನ ದೇವಾಲಯ ಪ್ರವೇಶ ಕಾಯಿದೆ 1947ರಲ್ಲೇ ಬಂತು, ನರಸೋಬನ ಗುಡಿಗೂ ತೊರವಿಯ ಗುಡಿಗೂ ಅದು ಅನ್ವಯಿಸಿತು. ಊರ ಚಾಕರಿಯ ಹುದ್ದೆಗಳನ್ನು ರದ್ದುಮಾಡುವ ಕಾಯಿದೆಗೆ 1961ರವರೆಗೆ ಕಾಯಬೇಕಾಯಿತು; ಅಷ್ಟರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಗುಡಿಯ ಬಾಗಿಲು ತೆಗೆದು ಹದಿನಾಲ್ಕು ವರ್ಷದ ನಂತರ ಭೂಮಿಯ ಮಾತು ಬಂತು.

ನರಸೋಬನ ಗುಡಿಯಲ್ಲಿ ಇಬ್ರಾಹಿಮನ ಕತೆ ಕೇಳಿದ ಮೇಲೆ, ಕಂದಕದ ದಂಡೆಗುಂಟ ಸ್ವಲ್ಪ ದೂರ ನಡೆದು ಕರೀಮುದ್ದೀನನ ಮಸೀದಿಯ ಕಂಬಗಳನ್ನೂ ನೋಡಿ ಬರಬೇಕು. ಅಮೃತನಾಕನ ಕತೆಯನ್ನು ಮಾತ್ರ ಅಲ್ಲಿ ಯಾರೂ ಹೇಳುವುದಿಲ್ಲ. ಅದನ್ನು ಕೇರಿಗೆ ಹೋಗಿ ಹಿರಿಯರ ಬಾಯಿಂದಲೇ ಕೇಳಬೇಕು.