ಗೂನುಬೆನ್ನಿನ ಅಪವಾದ

ನಿಯಾಂಡರ್ತಲ್ ಮಾನವನೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆನ್ನು ಬಗ್ಗಿ, ಮೊಣಕಾಲು ಮಡಿಸಿ ಹೆಜ್ಜೆಯಿಡುವ ಒಬ್ಬ ಅರೆಮನುಷ್ಯ. ಒಂದು ಇಡೀ ಜನಾಂಗಕ್ಕೆ ಈ ರೂಪ ಅಂಟಿದುದು ಬಹುಮಟ್ಟಿಗೆ ಒಂದು ಅಸ್ಥಿಪಂಜರದಿಂದ ಎಂದರೆ ವಾಚಕರಿಗೆ ಸೋಜಿಗವಾದೀತು.

೧೯೦೮ರ ಆಗಸ್ಟಿನಲ್ಲಿ ಫ್ರಾನ್ಸಿನ ಲಾ ಶಪೆಲ್-ಓ-ಸೆಂ ಎಂಬ ಹಳ್ಳಿಯ ಗುಹೆಯೊಂದರಲ್ಲಿ ಬೂಯಿಸೋನಿ ಎಂಬ ಪಾದ್ರಿ ಸೋದರರಿಗೆ ಈ ಎಲುಬುಗಳು ದೊರೆತುವು. ಸತ್ತು ಸುಮಾರು ಐವತ್ತು ಸಾವಿರ ವರ್ಷಗಳಾಗಿದ್ದ ಗಂಡಸು. ದವಡೆಹಲ್ಲುಗಳು ಬಹುಪಾಲು ಉದುರಿದ್ದುದರಿಂದ ಅವನಿಗೆ ‘ಮುದುಕ’ನೆಂದೇ ಹೆಸರಾಯಿತು. ಪ್ಯಾರಿಸಿನ ಮಾರ್ಸೆಲೆನ್ ಬೂಲ್ ಅವರು ಎಲುಬುಗಳನ್ನು ಪರೀಕ್ಷಿಸಿ ೧೯೧೧ರಿಂದ ೧೯೧೩ರವರೆಗೆ ಪ್ರಕಟಿಸಿದ ಬೃಹತ್ ವರದಿಯಲ್ಲಿ, ಇವನಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲವೆಂದು ತೀರ್ಪಿತ್ತರು. ಅದಕ್ಕೂ ಮುಂಚೆ, ೧೯೦೯ರಲ್ಲೇ, ಕುಪ್ಕಾ ಎಂಬ ಚಿತ್ರಕಾರ ಇವನನ್ನು ಮೈತುಂಬ ರೋಮದ ವಾನರನಾಗಿ ಬರೆದು ಪತ್ರಿಕೆಗೆ ಕೊಟ್ಟಿದ್ದ. ಶಾಸ್ತ್ರಕ್ಕಿಂತ ಚಿತ್ರ ಬೇಗ ಊರು ಸುತ್ತುತ್ತದೆಯಷ್ಟೆ!

ಬೂಲ್ ಅವರನ್ನು ಹಳಿಯುವುದು ಸುಲಭ. ಆದರೆ ಅವರ ಮುಂದಿದ್ದುದು ಮುರಿದ ಚೂರುಗಳು. ೧೯೫೭ರಲ್ಲಿ ಸ್ಟ್ರಾಸ್ ಮತ್ತು ಕೇವ್ ಎಂಬ ವಿದ್ವಾಂಸರು ಅದೇ ಎಲುಬುಗಳನ್ನು ಮತ್ತೆ ನೋಡಿ, ಮುದುಕನಿಗೆ ಕೀಲುಬೇನೆ ಇತ್ತೆಂದೂ, ನಿಯಾಂಡರ್ತಲರು ನಮ್ಮಂತೆಯೇ ನಿಲ್ಲುತ್ತಿದ್ದರೆಂದೂ ವಾದಿಸಿದರು. ಕ್ಷೌರ ಮಾಡಿಸಿ, ಬಟ್ಟೆ ತೊಡಿಸಿ ನ್ಯೂಯಾರ್ಕಿನ ರೈಲಿನಲ್ಲಿ ಕೂರಿಸಿದರೆ ಅವನನ್ನು ಯಾರೂ ತಿರುಗಿ ನೋಡಲಾರರೆಂಬುದು ಅವರ ವಿನೋದ.

ಚೂರುಗಳನ್ನು ಅಂಟಿನಿಂದಲೂ ಗಾರೆಯಿಂದಲೂ ಜೋಡಿಸುವ ಕಾಲದಲ್ಲಿ ಒಮ್ಮೆ ಕೂಡಿಸಿದುದನ್ನು ಬಿಡಿಸುವುದೇ ಕಷ್ಟ. ಮುಟ್ಟಿದಷ್ಟೂ ಎಲುಬು ಸವೆಯುತ್ತದೆ. ಈಗ ಬೆಳಕಿನ ಕಿರಣವನ್ನೋ ಎಕ್ಸ್ ಕಿರಣವನ್ನೋ ಹಾಯಿಸಿ, ಲಕ್ಷಾಂತರ ಬಿಂದುಗಳನ್ನು ಅಂಕಿಗಳಾಗಿ ಗುರುತಿಸಿ, ಉದ್ದ, ಅಗಲ, ಆಳ ಮೂರೂ ಉಳ್ಳ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ನಿಲ್ಲಿಸುತ್ತಾರೆ. ಎಡಭಾಗ ಕಳೆದುಹೋಗಿದ್ದರೆ ಬಲಭಾಗವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತುಂಬುತ್ತಾರೆ. ಸರಿಹೋಗದಿದ್ದರೆ ಅಳಿಸಿ ಮತ್ತೆ ಜೋಡಿಸಬಹುದು. ಮೂಲ ಎಲುಬು ಪೆಟ್ಟಿಗೆಯಲ್ಲಿ ನಿಶ್ಚಿಂತೆಯಾಗಿರುತ್ತದೆ.

ಹಾಗೆಂದು ಯಂತ್ರವೇ ನ್ಯಾಯಾಧೀಶನಾಯಿತೆ? ಇಲ್ಲ. ೨೦೧೮ರಲ್ಲಿ ಇಸ್ರೇಲಿನ ಕೆಬಾರಾ ಗುಹೆಯ ನಿಯಾಂಡರ್ತಲನ ಎದೆಗೂಡನ್ನು ಇದೇ ರೀತಿ ಮರುನಿರ್ಮಿಸಿದವರಿಗೆ, ಅವನ ಬೆನ್ನು ನಮ್ಮದಕ್ಕಿಂತ ನೇರವಾಗಿತ್ತೆಂದು ತೋರಿತು. ಸೊಂಟದ ಬಳಿ ನಮಗಿರುವ ಒಳಬಾಗು ಅವನಿಗೆ ಕಡಮೆಯಂತೆ. ಹಳೆಯ ವ್ಯಾಜ್ಯ ಹೊಸ ವೇಷದಲ್ಲಿ ಬಂದಿತು.

೨೦೧೯ರಲ್ಲಿ ಜ್ಯೂರಿಕ್ಕಿನ ಮಾರ್ಟಿನ್ ಹಾಯ್ಸ್ಲರ್ ಮತ್ತು ಸಂಗಡಿಗರು ಮುದುಕನ ಕಟಿಯನ್ನೂ ಬೆನ್ನೆಲುಬನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದರು. ಕಟಿಯ ನೆಲೆ ನಮ್ಮದರಂತೆಯೇ ಬಂದಿತು. ಅದರೊಡನೆ ಸೊಂಟದ ಒಳಬಾಗೂ ಕೂಡಿ ಬಂದಿತು. ನನಗೆ ಮೆಚ್ಚಿಗೆಯಾದುದು ಅವರು ಅಷ್ಟಕ್ಕೇ ತೃಪ್ತರಾಗದಿದ್ದುದು. ಪರದೆಯ ಮೇಲಿನ ಜೋಡಣೆ ನಿಜವಾದರೆ ದೇಹದ ಭಾರ ಎಲ್ಲಿ ಬಿದ್ದಿರಬೇಕು? ಅದನ್ನು ಕೇಳಲು ಅವರು ಎಲುಬಿನ ಬಳಿಗೇ ಮರಳಿದರು. ಬೆನ್ನೆಲುಬಿನ ಮಣಿಗಳ ಹಿಂಚಾಚುಗಳು ಒಂದಕ್ಕೊಂದು ತೀರ ಹತ್ತಿರ ಬಂದಿದ್ದುವು. ಬೆನ್ನು ಒಳಬಾಗದೆ ಅವು ಹಾಗೆ ಸೇರಲಾರವು. ಬೆನ್ನು ಕಟಿಯನ್ನು ಸೇರುವ ಕಡೆಯಲ್ಲೂ ತೊಡೆಯ ಕೀಲಿನಲ್ಲೂ ಇದ್ದ ಸವೆತ ನೆಟ್ಟಗೆ ನಿಂತವನ ಭಾರಕ್ಕೆ ಹೊಂದಿತು. ಆ ಕೀಲುಗಳು ಜೀವಂತ ನೋವಿನಲ್ಲಿ ಸವೆದವು; ಮುದುಕ ಆ ನೋವಿನೊಡನೆಯೇ ತಲೆಯೆತ್ತಿ ನಡೆದಿದ್ದ.