ಮೈದಾನದ ಮೌನವನ್ನು ಮುರಿದವರು

ವೃತ್ತಿ ಆಟಗಾರನ ಬದುಕು ವಿಚಿತ್ರವಾದದ್ದು. ಅವನ ದೇಹವೇ ಅವನ ಬಂಡವಾಳ. ಆ ಬಂಡವಾಳದ ಆಯುಷ್ಯ ಹೆಚ್ಚೆಂದರೆ ಹತ್ತು ಹದಿನೈದು ವರ್ಷ. ಅಷ್ಟರೊಳಗೆ ಗಳಿಸಿದ್ದೇ ಗಳಿಕೆ. ತಂಡದ ಒಡೆಯ, ತರಬೇತುದಾರ, ಜಾಹೀರಾತಿಗೆ ಹಣ ಕೊಡುವ ಕಂಪೆನಿ, ಟಿಕೆಟ್ಟು ಕೊಂಡು ನೋಡಬರುವ ಜನ, ಇವರಲ್ಲಿ ಯಾರೊಬ್ಬರು ಮುನಿದರೂ ಅನ್ನಕ್ಕೆ ಸಂಚಕಾರ. ಇಂಥವನೊಬ್ಬ, ಸಮಾಜವೆಲ್ಲ ನಾಚಿ ಮುಚ್ಚಿಡುವ ವಿಷಯವೊಂದನ್ನು ಕುರಿತು ಬಾಯಿ ತೆರೆದನೆಂದರೆ ಅದರ ಹಿಂದೆ ಎಂಥ ಸಂಕಟ, ಎಂಥ ಲೆಕ್ಕಾಚಾರ ಇದ್ದೀತು? ಸಲಿಂಗಪ್ರೇಮಿಗಳ ಹಕ್ಕುಗಳ ಪರವಾಗಿ ಅಮೆರಿಕದ ಕ್ರೀಡಾಪಟುಗಳು ಆಡಿದ ಮಾತಿನ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಪ್ರಶ್ನೆಯೇ.

1975ರ ಡಿಸೆಂಬರಿನಲ್ಲಿ 'ವಾಷಿಂಗ್ಟನ್ ಸ್ಟಾರ್' ಪತ್ರಿಕೆ ಕ್ರೀಡಾಲೋಕದ ಸಲಿಂಗಪ್ರೇಮಿಗಳನ್ನು ಕುರಿತು ಒಂದು ಲೇಖನಮಾಲೆಯನ್ನು ಪ್ರಕಟಿಸಿತು. ಅದರಲ್ಲಿ ತಮ್ಮ ಪಾಡನ್ನು ಹೇಳಿಕೊಂಡ ಆಟಗಾರರಾರೂ ಹೆಸರು ಕೊಟ್ಟಿರಲಿಲ್ಲ. ಅದನ್ನು ಓದಿದ ಡೇವಿಡ್ ಕೋಪೆ ಎಂಬಾತ ತಾನಾಗಿಯೇ ಪತ್ರಿಕೆಯ ವರದಿಗಾರ್ತಿಗೆ ದೂರವಾಣಿ ಮಾಡಿದ. ತನ್ನ ಹೆಸರನ್ನೇ ಹಾಕಿ ಬರೆಯಬಹುದೆಂದ. ಆತ 1964ರಿಂದ 1972ರವರೆಗೆ ಐದು ತಂಡಗಳಲ್ಲಿ ಆಡಿ ನಿವೃತ್ತನಾಗಿದ್ದ ಫುಟ್‌ಬಾಲ್ ಆಟಗಾರ. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಶಿರಸ್ತ್ರಾಣ ತೊಟ್ಟು, ಮೈಗೆ ಮೈ ಡಿಕ್ಕಿ ಹೊಡೆದು, ಅಂಡಾಕಾರದ ಚೆಂಡನ್ನು ಅಪ್ಪಿ ಹಿಡಿದು ನುಗ್ಗುವ ಆಟ ಅದು. ಗಂಡಸುತನದ ಒರೆಗಲ್ಲೆಂದೇ ಅಲ್ಲಿಯ ಜನ ಅದನ್ನು ಭಾವಿಸಿಕೊಂಡು ಬಂದಿದ್ದಾರೆ. ಆ ಆಟದಿಂದಲೇ ಮೊದಲ ದನಿ ಹೊರಟಿತು.

ಆ ಲೇಖನಮಾಲೆಯ ಹೆಸರಿಲ್ಲದ ಆಟಗಾರರಲ್ಲೊಬ್ಬನನ್ನು ಕೋಪೆ ಮಾತಿನ ಧಾಟಿಯಿಂದಲೇ ಗುರುತು ಹಿಡಿದಿದ್ದ. ವಾಷಿಂಗ್ಟನ್ ತಂಡದಲ್ಲಿ ತನ್ನೊಡನೆ ಆಡಿದ ಜೆರಿ ಸ್ಮಿತ್ ಅವನು. ಆಟದಲ್ಲಿ ಕೋಪೆಗಿಂತ ಎಷ್ಟೋ ಮೇಲಾದವನು. ಇಬ್ಬರ ಸಂಕಟವೂ ಒಂದೇ; ಹಿಡಿದ ದಾರಿ ಮಾತ್ರ ಬೇರೆ. ಕೋಪೆ 1977ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದ. ಅದು ಬಿಸಿ ದೋಸೆಯಂತೆ ಖರ್ಚಾಯಿತು. ಅದರಲ್ಲಿ ಸ್ಮಿತ್‌ನಿಗೆ ಬೇರೊಂದು ಹೆಸರಿಟ್ಟು ಮರೆಸಿದ್ದರೂ ಸ್ಮಿತ್ ಆಮೇಲೆ ಅವನೊಡನೆ ಮಾತು ಬಿಟ್ಟ. 1986ರಲ್ಲಿ ಏಡ್ಸ್ ರೋಗಕ್ಕೆ ತುತ್ತಾದಾಗ ಆ ರೋಗದ ಹೆಸರನ್ನೇನೋ ಪತ್ರಿಕೆಗೆ ಧೈರ್ಯವಾಗಿ ಹೇಳಿದ. ತನ್ನ ಒಲವಿನ ವಿಷಯವನ್ನು ಮಾತ್ರ ಹೇಳಲಿಲ್ಲ. ಅದೇ ಅಕ್ಟೋಬರಿನಲ್ಲಿ, 43ನೆಯ ವಯಸ್ಸಿನಲ್ಲಿ ತೀರಿಕೊಂಡ.

ಹಾಗಾದರೆ ಮಾತಾಡಿದವನು ಸುಖಪಟ್ಟನೆ? ಕೋಪೆಗೆ ತರಬೇತುದಾರನಾಗಬೇಕೆಂಬ ಆಸೆಯಿತ್ತು. ಪುಸ್ತಕ ಕೊಂಡು ಓದಿದ ದೇಶ ಆ ಕೆಲಸವನ್ನು ಅವನಿಗೆ ಕೊಡಲಿಲ್ಲ. ತನ್ನ ಮಾವನ ನೆಲಹಾಸುಗಳ ಅಂಗಡಿಯಲ್ಲಿ ದುಡಿದು ಬಾಳಿದ. ಮೌನವಾಗಿದ್ದವನು ಗೆಳೆಯನನ್ನು ಕಳೆದುಕೊಂಡ, ಮಾತಾಡಿದವನು ಕಸುಬನ್ನು ಕಳೆದುಕೊಂಡ. ಇವರಲ್ಲಿ ಯಾರು ಹೆಚ್ಚು ತೆತ್ತರೆಂದು ತೂಗಿ ನೋಡುವ ತಕ್ಕಡಿ ನನ್ನಲ್ಲಿಲ್ಲ.

ಟೆನಿಸ್ಸಿನ ಕಥೆ ಬೇರೆ ತೆರನಾದುದು. ಮಹಿಳೆಯರಿಗೂ ಪುರುಷರಷ್ಟೇ ಬಹುಮಾನದ ಹಣ ಸಲ್ಲಬೇಕೆಂದು ಹೋರಾಡಿದ ಬಿಲ್ಲಿ ಜೀನ್ ಕಿಂಗ್ ಮಾತಾಡಲು ಹೊರಟವಳಲ್ಲ, ಆಕೆಯನ್ನು ಮಾತಿಗೆಳೆಯಲಾಯಿತು. 1981ರಲ್ಲಿ ಆಕೆಯ ಹಿಂದಿನ ಸಂಗಾತಿಯೊಬ್ಬಳು ಜೀವನಾಂಶ ಕೇಳಿ ನ್ಯಾಯಾಲಯಕ್ಕೆ ಹೋದಳು. ವಕೀಲರು ಬೇಡವೆಂದರೂ ಕಿಂಗ್ ಪತ್ರಕರ್ತರನ್ನು ಕರೆಸಿ, ಗಂಡನನ್ನೂ ತಂದೆ ತಾಯಿಯರನ್ನೂ ಪಕ್ಕದಲ್ಲಿಟ್ಟುಕೊಂಡು, ಆ ಸಂಬಂಧ ನಿಜವೆಂದು ಒಪ್ಪಿಕೊಂಡಳು. 24 ಗಂಟೆಗಳೊಳಗೆ ತನ್ನ ಜಾಹೀರಾತಿನ ಕರಾರುಗಳೆಲ್ಲ ಕೈಬಿಟ್ಟುಹೋದುವೆಂದು ಆಕೆಯೇ ಮುಂದೆ ಹೇಳಿದ್ದಾಳೆ. ಮೊಕದ್ದಮೆ ಬಿದ್ದುಹೋಯಿತು, ಖರ್ಚು ಮಾತ್ರ ಉಳಿಯಿತು. ನಿವೃತ್ತಿಯ ಯೋಚನೆಯನ್ನು ಬಿಟ್ಟು, ಮತ್ತೆ ರ್‍ಯಾಕೆಟ್ ಹಿಡಿದು, 1983ರಲ್ಲಿ ನಲವತ್ತರ ಹೊಸ್ತಿಲಲ್ಲಿದ್ದಾಗಲೂ ವಿಂಬಲ್ಡನ್ನಿನ ಸೆಮಿಫೈನಲ್ ತಲುಪಿದಳು.

ಅದೇ ವರ್ಷ, ಅಂದರೆ 1981ರಲ್ಲಿ, ಮಾರ್ಟಿನಾ ನವ್ರಾಟಿಲೋವಾಳ ಸರದಿ ಬಂದಿತು. ಆಕೆ 1975ರಲ್ಲಿ, 18ನೆಯ ವಯಸ್ಸಿನಲ್ಲಿ, ಕಮ್ಯುನಿಸ್ಟ್ ಆಡಳಿತದ ಚೆಕೊಸ್ಲೊವಾಕಿಯವನ್ನು ತೊರೆದು ಅಮೆರಿಕದಲ್ಲಿ ಆಶ್ರಯ ಬೇಡಿದವಳು. ಸಲಿಂಗಪ್ರೇಮಿಗಳಿಗೆ ಪ್ರವೇಶವನ್ನು ನಿರಾಕರಿಸುವ ವಲಸೆ ಕಾನೂನು ಆಗ ಆ ದೇಶದಲ್ಲಿ ಜಾರಿಯಲ್ಲಿತ್ತು, 1990ರವರೆಗೂ ಇತ್ತು. ಸತ್ಯ ನುಡಿದರೆ ಪೌರತ್ವ ತಪ್ಪೀತೆಂಬ ಭಯ ಒಂದು ಕಡೆ. ಮಹಿಳಾ ಟೆನಿಸ್ಸಿಗೆ ಹಣ ಒದಗಿಸುತ್ತಿದ್ದ ಏವನ್ ಎಂಬ ಸೌಂದರ್ಯಸಾಧನಗಳ ಕಂಪೆನಿ ಕೈಬಿಟ್ಟರೆ ಜೊತೆಯ ಆಟಗಾರ್ತಿಯರ ಅನ್ನಕ್ಕೂ ಕಲ್ಲು ಬಿದ್ದೀತೆಂಬ ಅಳುಕು ಇನ್ನೊಂದು ಕಡೆ. ಆದುದರಿಂದ ವರದಿಗಾರನೊಬ್ಬನೊಡನೆ ಮನಬಿಚ್ಚಿ ಮಾತಾಡಿದವಳು, ಸದ್ಯಕ್ಕೆ ಅದನ್ನು ಅಚ್ಚು ಮಾಡಬೇಡವೆಂದು ಕೇಳಿಕೊಂಡಳು. ಜುಲೈ 21ರಂದು ಪೌರತ್ವ ದೊರೆಯಿತು. 30ರಂದು ನ್ಯೂಯಾರ್ಕಿನ 'ಡೈಲಿ ನ್ಯೂಸ್' ಆಕೆಯ ಮಾತನ್ನೂ, ಆ ಮಾತು ಹೊರಬಿದ್ದೀತೆಂಬ ಅಂಜಿಕೆಯನ್ನೂ ಒಟ್ಟಿಗೇ ಅಚ್ಚು ಹಾಕಿತು! ಪತ್ರಿಕಾಧರ್ಮದ ಈ ವೈಖರಿಯನ್ನು ಕುರಿತು ಹೆಚ್ಚು ಹೇಳದಿರುವುದೇ ಲೇಸು.

ಎರಡು ತಿಂಗಳೂ ಕಳೆದಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಮೆರಿಕದ ಓಪನ್ ಪಂದ್ಯಾವಳಿಯ ಅಂತಿಮ ಆಟದಲ್ಲಿ ಆಕೆ ಟ್ರೇಸಿ ಆಸ್ಟಿನ್ನಳಿಗೆ ಕೂದಲೆಳೆಯಲ್ಲಿ ಸೋತಳು. ಸೋತವಳಿಗೆ ಪ್ರೇಕ್ಷಕರು ನಿಲ್ಲಿಸದೆ ಚಪ್ಪಾಳೆ ತಟ್ಟಿದರು. ಆಕೆ ಅಲ್ಲಿಯೇ ಅತ್ತಳು. ಆ ಚಪ್ಪಾಳೆ ಜಾಹೀರಾತಿನ ಕಂಪೆನಿಗಳಿಗೆ ಕೇಳಿಸಲಿಲ್ಲ. ಮುಂದೆ 1982ರಿಂದ 1987ರವರೆಗೆ ಸತತ ಆರು ಬಾರಿ ವಿಂಬಲ್ಡನ್ ಗೆದ್ದರೂ, ಅಂಥ ಗೆಲುವಿಗೆ ತಕ್ಕ ಕರಾರುಗಳು ಆಕೆಯನ್ನು ಹುಡುಕಿಕೊಂಡು ಬರಲಿಲ್ಲ.

ಇಲ್ಲಿಯವರೆಗಿನದು ತಮ್ಮನ್ನು ಕುರಿತು ತಾವೇ ಆಡಿದ ಮಾತು. ಹಕ್ಕಿನ ಮಾತು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಆ ಹೆಜ್ಜೆಯನ್ನು ನವ್ರಾಟಿಲೋವಾ ಇಟ್ಟದ್ದು ಕೊಲರಾಡೊ ರಾಜ್ಯದಲ್ಲಿ. ಅಲ್ಲಿಯ ಡೆನ್ವರ್, ಬೋಲ್ಡರ್, ಆಸ್ಪೆನ್ ನಗರಗಳು ಸಲಿಂಗಪ್ರೇಮಿಗಳನ್ನು ಕೆಲಸದಿಂದ, ಬಾಡಿಗೆಯ ಮನೆಯಿಂದ ಹೊರದೂಡಬಾರದೆಂದು ಕಟ್ಟಳೆ ಮಾಡಿದ್ದುವು. 1992ರ ನವೆಂಬರಿನಲ್ಲಿ ನೂರಕ್ಕೆ 53ರಷ್ಟು ಮತದಾರರು ರಾಜ್ಯ ಸಂವಿಧಾನಕ್ಕೇ ತಿದ್ದುಪಡಿ ತಂದು ಇಂಥ ಕಟ್ಟಳೆಗಳನ್ನೆಲ್ಲ ರದ್ದುಗೊಳಿಸಿದರು. ಮುಂದೆಂದೂ ಮಾಡದಂತೆ ತಡೆಯನ್ನೂ ಒಡ್ಡಿದರು. ಆಸ್ಪೆನ್ನಿನಲ್ಲಿ ಮನೆ ಮಾಡಿಕೊಂಡಿದ್ದ ನವ್ರಾಟಿಲೋವಾ ಇದನ್ನು ಪ್ರಶ್ನಿಸಿ ಹೂಡಿದ ದಾವೆಯಲ್ಲಿ ವಾದಿಗಳಲ್ಲೊಬ್ಬಳಾದಳು. ಆಕೆ ಆಗಿನ್ನೂ ಆಡುತ್ತಿದ್ದಳೆಂಬುದನ್ನು ಮರೆಯಬಾರದು. 1993ರ ಏಪ್ರಿಲ್ 25ರಂದು ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನರ ಮುಂದೆ ನಿಂತು, ನಮ್ಮ ಚಳವಳಿಗೆ ಎಲ್ಲಕ್ಕಿಂತ ಮಿಗಿಲಾಗಿ ಬೇಕಾದುದು ನಾವು ಮರೆಯಿಂದ ಹೊರಬರುವುದು ಎಂಬ ಅರ್ಥದ ಮಾತನ್ನಾಡಿದಳು. ಹನ್ನೆರಡು ವರ್ಷಗಳ ಹಿಂದೆ ಅಚ್ಚು ಮಾಡಬೇಡವೆಂದು ಬೇಡಿದ್ದವಳು ಈಕೆಯೇ ಅಲ್ಲವೆ? 1996ರ ಮೇ 20ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಮೂವರಿಗೆ ಆರು ಮತಗಳಿಂದ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಆಕೆಯ ಒಂಬತ್ತು ವಿಂಬಲ್ಡನ್ ಬಿರುದುಗಳನ್ನು ಯಾರಾದರೂ ಒಂದು ದಿನ ಮೀರಿಯಾರು. ಈ ತೀರ್ಪಿನಲ್ಲಿ ಆಕೆಗಿರುವ ಪಾಲು ನನ್ನ ದೃಷ್ಟಿಯಲ್ಲಿ ಅವುಗಳಿಗಿಂತ ದೊಡ್ಡದು.

ಮುಂದೆ, ಸ್ವತಃ ಸಲಿಂಗಪ್ರೇಮಿಗಳಲ್ಲದವರೂ ಮಾತಾಡತೊಡಗಿದರು. ಬಾಲ್ಟಿಮೋರ್ ತಂಡದ ಬ್ರೆಂಡನ್ ಅಯನ್‌ಬಡೇಜೊ ಸಲಿಂಗವಿವಾಹವನ್ನು ಬೆಂಬಲಿಸಿದಾಗ, 2012ರಲ್ಲಿ ಮೇರಿಲ್ಯಾಂಡಿನ ಶಾಸಕನೊಬ್ಬ ತಂಡದ ಒಡೆಯನಿಗೆ ಪತ್ರ ಬರೆದು, ನಿಮ್ಮ ನೌಕರನ ಬಾಯಿ ಮುಚ್ಚಿಸಿರೆಂದು ಕೇಳಿದ. 'ನೌಕರ' ಎಂಬ ಆ ಒಂದು ಪದದಲ್ಲಿಯೇ ಹಳೆಯ ಭಯವೆಲ್ಲ ಅಡಗಿದೆ. ಆದರೆ ಕಾಲ ಬದಲಾಗಿತ್ತು. ಮಿನ್ನೆಸೋಟ ತಂಡದ ಕ್ರಿಸ್ ಕ್ಲೂವಿ ಆ ಶಾಸಕನಿಗೆ ಖಾರವಾದ ಬಹಿರಂಗ ಪತ್ರ ಬರೆದ, ಶಾಸಕ ಹಿಂಜರಿದ. ಆ ನವೆಂಬರಿನಲ್ಲಿ ಮೇರಿಲ್ಯಾಂಡಿನ ಮತದಾರರು ಸಲಿಂಗವಿವಾಹದ ಕಾನೂನಿಗೆ ಒಪ್ಪಿಗೆಯಿತ್ತರು. ಮರುವರ್ಷ ಕ್ಲೂವಿಯನ್ನು ತಂಡ ಕೈಬಿಟ್ಟಿತು. ಮಾತಾಡಿದ್ದಕ್ಕೇ ಈ ಶಿಕ್ಷೆಯೆಂದು ಆತ, ಆಟವೇ ಕಾರಣವೆಂದು ತಂಡ, ಕೊನೆಗೆ ರಾಜಿಯಾಯಿತು.

ನಮ್ಮ ದೇಶದಲ್ಲಿ ಈ ಕ್ರಮ ತಿರುವುಮುರುವಾಯಿತು. ಅಮೆರಿಕದಲ್ಲಿ ಆಟಗಾರರು ಮೊದಲು ಮಾತಾಡಿ ಆಮೇಲೆ ಕಾನೂನಿನ ಬಾಗಿಲು ತಟ್ಟಿದರು. ಇಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು 377ನೆಯ ಕಲಮಿನ ಬಿಗಿಯನ್ನು ಸಡಿಲಿಸಿದ ಮೇಲೆ, 2019ರ ಮೇ ತಿಂಗಳಲ್ಲಿ ಒಡಿಶಾದ ನೇಕಾರರ ಮನೆಯ ಮಗಳಾದ ಓಟಗಾರ್ತಿ ದ್ಯುತಿ ಚಂದ್ ತನ್ನ ಸಂಗಾತಿ ಒಬ್ಬ ಹುಡುಗಿಯೆಂದು ಹೇಳಿದಳು. ಕಾನೂನು ಕೊಟ್ಟ ಧೈರ್ಯವನ್ನು ಮನೆಯವರು ಕೊಡಲಿಲ್ಲ.

ಇನ್ನು ಕೋಪೆ ಆಡಿದ ಆ ಫುಟ್‌ಬಾಲಿನ ಮಾತು. ಇನ್ನೂ ಆಡುತ್ತಿರುವಾಗಲೇ ಬಾಯಿ ತೆರೆಯುವ ಆಟಗಾರನೊಬ್ಬ ಅಲ್ಲಿಯ ರಾಷ್ಟ್ರೀಯ ಲೀಗಿನ ಪಂದ್ಯಗಳಿಗೆ ದೊರೆಯಲು ಮತ್ತೆ 46 ವರ್ಷಗಳು ಬೇಕಾದುವು. 2021ರ ಜೂನ್ 21ರಂದು ಲಾಸ್ ವೇಗಾಸ್ ತಂಡದ ಕಾರ್ಲ್ ನ್ಯಾಸಿಬ್ ತನ್ನ ಮನೆಯ ಅಂಗಳದಲ್ಲಿ ನಿಂತು, ಒಂದು ನಿಮಿಷದ ಚಿತ್ರಮುದ್ರಿಕೆಯಲ್ಲಿ ತಾನು ಸಲಿಂಗಪ್ರೇಮಿಯೆಂದು ಹೇಳಿದ. ಈ ಗಳಿಗೆಯನ್ನು ನೆನೆದು 15 ವರ್ಷಗಳಿಂದ ಸಂಕಟಪಟ್ಟಿದ್ದೆನೆಂದ. ಮರುದಿನ ಆಟದ ಉಡುಪುಗಳ ದೊಡ್ಡ ಮಾರಾಟಗಾರರೊಬ್ಬರಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಕರಿಯಾಗುತ್ತಿದ್ದುದು ಅವನ ಹೆಸರನ್ನು ಬರೆದ ಅಂಗಿ.